ಅಲುಗಾಡುವ ದೋಣಿ, ಹಾರುವ ಕೊಕ್ಕರೆ: ಫೋಟೊ ತೆಗೆಯೋದು ಹೇಗೆ?

ಹೊಸ ಕ್ಯಾಮೆರಾ ಹಿಡಿದು ರಂಗನತಿಟ್ಟಿಗೆ ಹೋದ ಮೊದಲ ದಿನ ನಾನು ನಾನೂರಕ್ಕೂ ಜಾಸ್ತಿ ಫೋಟೊ ತೆಗೆದಿದ್ದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಇಟ್ಟುಕೊಳ್ಳುವಂಥವು ಮೂರೇ ಮೂರು. ಹಾರುವ ಕೊಕ್ಕರೆಗಳ ರೆಕ್ಕೆ ಕಲಸಿಹೋಗಿತ್ತು. ಬೆಳ್ಳಕ್ಕಿಯ ಮೈ ಸುಣ್ಣ ಬಳಿದ ಗೋಡೆಯ ಹಾಗಿತ್ತು, ಒಂದು ಗರಿಯೂ ಬಿಡಿಯಾಗಿ ಕಾಣುತ್ತಿರಲಿಲ್ಲ. ಲೆನ್ಸ್ ಸಾಲದು ಅಂತ ಆಗ ಅನ್ನಿಸಿತ್ತು. ಆಮೇಲೆ ಅದೇ ಲೆನ್ಸಿನಲ್ಲಿ ಒಳ್ಳೆಯ ಚಿತ್ರಗಳು ಬಂದವು. ಬದಲಾಗಿದ್ದು ಎರಡು: ಒಂದಿಷ್ಟು ಸೆಟಿಂಗ್ ಕಲಿತೆ, ಒಂದೇ ಹಕ್ಕಿಯನ್ನು ಬಹಳ ಹೊತ್ತು ನೋಡುವುದನ್ನು ಕಲಿತೆ. ಎರಡನೆಯದೇ ದೊಡ್ಡದು.

ಹಕ್ಕಿ ಫೋಟೊ ಕಲಿಯಲು ಶ್ರೀರಂಗಪಟ್ಟಣದ ಪಕ್ಕದ ಈ ಜಾಗದಷ್ಟು ಅನುಕೂಲ ಬೇರೆ ಕಡೆ ಸಿಗುವುದು ಕಷ್ಟ. ಕಾವೇರಿಗೆ ಹಿಂದೆ ಕಟ್ಟೆ ಕಟ್ಟಿದಾಗ ಉಂಟಾದ ನಡುಗಡ್ಡೆಗಳು ಇವು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಹೋದರೆ ಗೂಡುಗಳು ಕಣ್ಣೆದುರೇ ಇರುತ್ತವೆ, 300 ಎಂಎಂ ಲೆನ್ಸ್ ಇದ್ದರೂ ಕೆಲಸ ಆಗುತ್ತದೆ.

ಹೊರಡುವ ಮುಂಚೆ ಒಂದು ಮಾತು. ಜೋರು ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡೇ ಹೋಗಿ. ಗೂಡು ಕಟ್ಟುವ ಗಡಿಬಿಡಿ ನೋಡಬೇಕಾದರೆ ಫೆಬ್ರುವರಿ, ಮಾರ್ಚ್ ಒಳ್ಳೆಯದು. ಬೆಳಿಗ್ಗೆ ಮೊದಲ ದೋಣಿಯನ್ನೇ ಹಿಡಿಯಿರಿ. ಬಿಸಿಲು ಏರಿದ ಮೇಲೆ ಹಕ್ಕಿಯ ಕಣ್ಣಿನ ಕೆಳಗೆ ಕಪ್ಪು ನೆರಳು ಕೂರುತ್ತದೆ. ಮಾಮೂಲಿ ಸುತ್ತು ಚಿಕ್ಕದು. ಫೋಟೊ ತೆಗೆಯುವವರಿಗೆ ಅಂತಲೇ ಹೆಚ್ಚು ಹೊತ್ತಿನ ದೋಣಿ ಇರುತ್ತದೆ, ದುಡ್ಡು ಜಾಸ್ತಿ. ಇಬ್ಬರು ಮೂವರು ಗೆಳೆಯರು ಸೇರಿ ಹಂಚಿಕೊಳ್ಳಬಹುದು.

ದಡದಲ್ಲೇ ಮಾಡಿಕೊಳ್ಳುವ ಸೆಟಿಂಗ್

ದೋಣಿ ಹತ್ತಿದ ಮೇಲೆ ಮೆನು ಹುಡುಕುತ್ತಾ ಕೂರಬೇಡಿ, ಎಲ್ಲವನ್ನೂ ದಡದಲ್ಲೇ ಮುಗಿಸಿ.

ಮೊದಲು ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು. ಕೂತ ಹಕ್ಕಿಗೆ ನೆಲದ ಮೇಲಾದರೆ 1/250 ಸೆಕೆಂಡ್ ಸಾಕು, ಆದರೆ ದೋಣಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಇಲ್ಲಿ 1/800ಕ್ಕಿಂತ ಕೆಳಗೆ ಇಳಿಯಬೇಡಿ. ಹಾರುವ ಕೊಕ್ಕರೆಗೆ 1/2000. ನದಿ ರೀವದಂಥ (ರಿವರ್ ಟರ್ನ್) ಚುರುಕು ಹಕ್ಕಿಗೆ 1/3200 ಇದ್ದರೂ ತಪ್ಪಿಲ್ಲ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ 5.6 ಅಥವಾ ಎಫ್ 6.3. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, ಅದನ್ನು ಆಟೋದಲ್ಲಿ ಬಿಟ್ಟು ಮೇಲಿನ ಮಿತಿ 3200 ಇಡಿ. ಐಎಸ್‌ಒ ಏರಿದರೆ ಚಿತ್ರದಲ್ಲಿ ಕಾಳುಕಾಳು ಬರುತ್ತದೆ ಅಂತ ಹೊಸಬರು ಹೆದರುತ್ತಾರೆ. ಕಾಳನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ಕಡಿಮೆ ಮಾಡಬಹುದು. ಕಲಸಿಹೋದ ಕಣ್ಣನ್ನು ಸರಿಮಾಡುವುದು ಕಷ್ಟ.

ಫೋಕಸ್ ಅನ್ನು ಹಕ್ಕಿಯ ಜೊತೆಗೇ ಓಡುವ ಮೋಡ್‌ಗೆ ಹಾಕಿ. ನಿಕಾನ್, ಸೋನಿಯಲ್ಲಿ ಅದು ಎಎಫ್-ಸಿ. ಕ್ಯಾನನ್‌ನಲ್ಲಿ ಎಐ ಸರ್ವೊ ಅಥವಾ ಸರ್ವೊ ಎಎಫ್. ಈಚಿನ ಎಷ್ಟೋ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕುತ್ತವೆ, ಇದ್ದರೆ ಬಳಸಿ. ಹಳೆಯ ಕ್ಯಾಮೆರಾ ಆದರೆ ನಡುವಿನ ಒಂದೇ ಬಿಂದು ಇಟ್ಟುಕೊಂಡು ಕಣ್ಣಿನ ಮೇಲೆ ಕೂರಿಸಿ. ಕೊಕ್ಕು, ಬಾಲ ಸ್ವಲ್ಪ ಮಸುಕಾದರೂ ಕಣ್ಣು ಚೂಪಾಗಿದ್ದರೆ ಚಿತ್ರ ನಿಲ್ಲುತ್ತದೆ. ಫೈಲ್ 'ರಾ' (RAW) ಮಾದರಿಯಲ್ಲಿರಲಿ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್.

ಬಿಳಿ ಹಕ್ಕಿಯ ತೊಂದರೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಹೊಸಬರ ಅರ್ಧ ಚಿತ್ರಗಳು ಕೆಡುವುದು ಇಲ್ಲೇ. ಫ್ರೇಮಿನೊಳಗೆ ಕಂಡಿದ್ದನ್ನೆಲ್ಲ ಸರಾಸರಿ ಮಾಡಿ ನಡುವಿನ ಬೂದು ಬಣ್ಣಕ್ಕೆ ತರಲು ನೋಡುವುದು ಕ್ಯಾಮೆರಾದ ಮೀಟರಿನ ಗುಣ. ಕಪ್ಪು ಬಂಡೆ, ದಟ್ಟ ಹಸಿರಿನ ನಡುವೆ ಪುಟ್ಟ ಬೆಳ್ಳಕ್ಕಿ ಕೂತಿದೆ ಅಂದುಕೊಳ್ಳಿ. ಮೀಟರ್ ಕತ್ತಲೆಯನ್ನು ನೋಡಿ "ಬೆಳಕು ಸಾಲದು" ಅಂದುಕೊಳ್ಳುತ್ತದೆ, ಬೆಳಕು ಏರಿಸುತ್ತದೆ. ಬಂಡೆ ಚೆನ್ನಾಗಿ ಕಾಣುತ್ತದೆ, ಹಕ್ಕಿ ಸುಣ್ಣದ ಮುದ್ದೆಯಾಗುತ್ತದೆ. ಹಾಗಾಗಿ ಚಿತ್ರದ ಬೆಳಕನ್ನು ನಾವೇ ಏರಿಸಿ ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಳಿಸಿ.

ಅದೇ ನೀರುಕಾಗೆ ಬಿಳಿ ಆಕಾಶದ ಎದುರು ಒಣ ಕೊಂಬೆಯ ಮೇಲೆ ರೆಕ್ಕೆ ಹರಡಿ ಕೂತಿದ್ದರೆ ಲೆಕ್ಕ ತಿರುಗುಮುರುಗು. ಪ್ಲಸ್ 1ಕ್ಕೆ ಏರಿಸದಿದ್ದರೆ ಬರೀ ಕಪ್ಪು ಆಕಾರ ಸಿಗುತ್ತದೆ. ಅತಿಯಾಗಿ ಬಿಳುಚಿದ ಜಾಗ ಮಿನುಗಿ ತೋರಿಸುವ ಸೌಲಭ್ಯ ಕ್ಯಾಮೆರಾದಲ್ಲಿರುತ್ತದೆ. ಅದನ್ನು ಹಾಕಿಕೊಂಡು ಮೊದಲ ಬೆಳ್ಳಕ್ಕಿಯ ಚಿತ್ರ ನೋಡಿ. ಬೆನ್ನು ಮಿನುಗುತ್ತಿದ್ದರೆ ಇನ್ನೊಂದು ಚೂರು ಇಳಿಸಿ.

ದೋಣಿಯಲ್ಲಿ

ಟ್ರೈಪಾಡ್ ಬೇಡ. ದೋಣಿ ಅಲುಗಿದರೆ ಅದೂ ಅಲುಗುತ್ತದೆ. ಎಡಗೈ ಲೆನ್ಸಿನ ಅಡಿಗೆ, ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಕೂತೇ ತೆಗೆಯಿರಿ. ತಗ್ಗಿ ಕೂತಷ್ಟೂ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಹತ್ತಿರವಾಗುತ್ತೀರಿ, ಹಿಂದಿನ ದೃಶ್ಯವೂ ಮೆತ್ತಗಾಗುತ್ತದೆ. ಕೈ ನೀರಿಗೆ ಬಿಡಬೇಡಿ, ಬಂಡೆಗಳ ಮೇಲೆ ಮಲಗಿರುವ ಮೊಸಳೆಗಳು ಸುಮ್ನೆ ಮಲಗಿರುವುದಿಲ್ಲ.

ದೋಣಿ ನಡೆಸುವವರ ಜೊತೆ ಮೊದಲೇ ಮಾತಾಡಿ. "ಅಣ್ಣಾ, ಬಿಸಿಲು ನಮ್ಮ ಬೆನ್ನಿಗೆ ಇರೋ ಹಾಗೆ ನಿಲ್ಲಿಸ್ತೀರಾ? ಒಂದೇ ಕಡೆ ಇದ್ದರೂ ಪರವಾಗಿಲ್ಲ" ಅಂತ ಹೇಳಿದರೆ ಅವರಿಗೂ ಅರ್ಥವಾಗುತ್ತದೆ. ಯಾವ ಮರದಲ್ಲಿ ಮರಿ ಇವೆ, ಯಾವ ಬಂಡೆಗೆ ಯಾರು ಬಂದು ಕೂರುತ್ತಾರೆ, ಎಲ್ಲವೂ ಅವರಿಗೆ ಬಾಯಿಪಾಠ. ನನಗೆ ಗಾಳಿಯ ಪಾಠ ಹೇಳಿಕೊಟ್ಟಿದ್ದೂ ಒಬ್ಬ ದೋಣಿಯಣ್ಣನೇ. ದೊಡ್ಡ ಹಕ್ಕಿಗಳು ಗಾಳಿಗೆ ಎದುರಾಗಿ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಹಕ್ಕಿ ನಿಮ್ಮ ಕಡೆಗೆ ಮುಖ ಮಾಡಿ ಬರುತ್ತದೆ. ಬಿಸಿಲು, ಗಾಳಿ ಎರಡೂ ಬೆನ್ನಿಗೆ ಸಿಕ್ಕ ದಿನ ಹಬ್ಬ.

ಈಗ ಕ್ಯಾಮೆರಾ ತೊಡೆಯ ಮೇಲಿಡಿ. ಒಂದು ಬಣ್ಣದ ಕೊಕ್ಕರೆಯನ್ನು ಆರಿಸಿಕೊಂಡು ಐದು ನಿಮಿಷ ಅದನ್ನೇ ನೋಡಿ. ಗೂಡು ಕಟ್ಟುವ ಕಾಲವಾದರೆ ಅದು ಹೋಗಿ ಕಡ್ಡಿ ತರುತ್ತದೆ, ಗೂಡಿನಲ್ಲಿರುವ ಜೋಡಿಗೆ ಕೊಡುತ್ತದೆ, ಮತ್ತೆ ಹೋಗುತ್ತದೆ. ಎರಡು ಸಲ ನೋಡಿದರೆ ಬರುವ ದಾರಿ ತಿಳಿಯುತ್ತದೆ, ಹೆಚ್ಚುಕಮ್ಮಿ ಅದೇ ದಾರಿ. ಮೂರನೇ ಸಲಕ್ಕೆ ಲೆನ್ಸ್ ಎತ್ತಿ ಕಾಯಿರಿ. ದೂರದಲ್ಲಿರುವಾಗಲೇ ಫೋಕಸ್ ಹಿಡಿದು ಜೊತೆಗೇ ತಿರುಗಿ. ಕಾಲು ಕೆಳಗೆ ಬಿಟ್ಟು, ರೆಕ್ಕೆ ಪೂರ್ತಿ ಬಿಚ್ಚಿ ಗಾಳಿಗೆ ತಡೆ ಹಾಕುವ ಆ ಗಳಿಗೆಗೆ ಬಟನ್ ಒತ್ತಿ. ಹಳದಿ ಕೊಕ್ಕಿನಲ್ಲಿ ಅಡ್ಡ ಕಡ್ಡಿ, ಬೆನ್ನಿನ ಹಿಂದೆ ಗುಲಾಬಿ ಗರಿ, ಎಲ್ಲ ಒಂದೇ ಚಿತ್ರದಲ್ಲಿ ಸಿಗುತ್ತದೆ.

ಕೂತ ಹಕ್ಕಿ ಏಳುವುದನ್ನೂ ಮೊದಲೇ ತಿಳಿಯಬಹುದು. ಮೈ ಮುಂದಕ್ಕೆ ಬಾಗುತ್ತದೆ, ಕಾಲು ಮಡಿಯುತ್ತದೆ. ಎಷ್ಟೋ ಸಲ ಹಿಕ್ಕೆ ಹಾಕಿ ಹಗುರಾಗಿ ಹಾರುತ್ತದೆ. ಹಿಕ್ಕೆ ಬಿದ್ದ ಕೂಡಲೇ ಬೆರಳು ಸಿದ್ಧವಿರಲಿ. ಫ್ರೇಮಿನಲ್ಲಿ ಜಾಗ ಬಿಡುವುದು ಮರೆಯಬೇಡಿ. ಜೂಮ್ ಪೂರ್ತಿ ಎಳೆದಿದ್ದರೆ ಬಿಚ್ಚಿದ ರೆಕ್ಕೆಯ ತುದಿ ಕತ್ತರಿಸಿಹೋಗುತ್ತದೆ.

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ವನ್ಯಜೀವಿಗಳ ಫೋಟೊ ತೆಗೆಯುತ್ತಿದ್ದುದು ಫಿಲ್ಮ್ ಕಾಲದಲ್ಲಿ. ಒಂದು 35 ಎಂಎಂ ರೋಲಿಗೆ 36 ಚಿತ್ರ. ಬಟನ್ ಒತ್ತುವ ಮುಂಚೆ ಯೋಚಿಸಲೇಬೇಕಿತ್ತು. ನೀವೂ ಒಂದು ದಿನ 36 ಚಿತ್ರ ಮಾತ್ರ ಅಂತ ಲೆಕ್ಕ ಹಾಕಿಕೊಂಡು ತೆಗೆದು ನೋಡಿ. ನನಗೆ ಇದರಿಂದ ಆದಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಿಲ್ಲ.

ಗೂಡಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಫ್ಲ್ಯಾಶ್ ಬೇಡವೇ ಬೇಡ. ಹಕ್ಕಿ ಮಾಡುತ್ತಿದ್ದ ಕೆಲಸ ಬಿಟ್ಟು, ಕತ್ತು ನೆಟ್ಟಗೆ ಮಾಡಿ ನಿಮ್ಮನ್ನೇ ನೋಡತೊಡಗಿದರೆ ಅತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ, ದೋಣಿ ಹಿಂದಕ್ಕೆ ತೆಗೆಸಿ. ಬೇಸಿಗೆಯಲ್ಲಿ ನದಿ ರೀವಗಳು ಬರೀ ಬಂಡೆಯ ಮೇಲೆ ಮೊಟ್ಟೆ ಇಡುತ್ತವೆ. ತಾಯಿ ಹೆದರಿ ಎದ್ದರೆ ಸುಡುವ ಬಿಸಿಲಿಗೆ ಮೊಟ್ಟೆ ಹಾಳು. ಅಷ್ಟು ಬೆಲೆ ಕೊಟ್ಟು ತೆಗೆಯುವ ಚಿತ್ರ ಯಾರಿಗೂ ಬೇಡ.

ದೋಣಿಗೆ ದುಡ್ಡು ಹೊಂದಿಸಲು ಆಗದಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಊರೊಳಗಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಊರವರು ಮನೆಯ ಮಕ್ಕಳ ಹಾಗೆ ನೋಡಿಕೊಂಡು ಬಂದಿರುವ ಹಕ್ಕಿಗಳು ಅವು. ಯಾರದೋ ಅಂಗಳದಲ್ಲಿ ನಿಲ್ಲಬೇಕಾದರೆ ಒಂದು ಮಾತು ಕೇಳಿ ನಿಲ್ಲಿ.

ಮನೆಗೆ ಬಂದ ಮೇಲೆ ಪ್ರತಿ ಚಿತ್ರದ ಕಣ್ಣಿನ ಭಾಗವನ್ನು ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿ. ಕೆಟ್ಟದ್ದನ್ನು ಕೂಡಲೇ ಅಳಿಸಬೇಡಿ. ಅದರ ಶಟರ್ ಸ್ಪೀಡ್ ಎಷ್ಟಿತ್ತು, ಕಾಂಪೆನ್ಸೇಶನ್ ಎಷ್ಟಿತ್ತು ಅಂತ ಫೈಲಿನಲ್ಲೇ ಬರೆದಿರುತ್ತದೆ. ಕೆಟ್ಟದ್ದು ಐದು, ಚೆನ್ನಾಗಿ ಬಂದದ್ದು ಐದು ಆರಿಸಿ, ಆ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿ. ಗಾಳಿ ಯಾವ ಕಡೆಯಿಂದ ಇತ್ತು ಅನ್ನುವುದು ಫೈಲಿನಲ್ಲಿ ಇರುವುದಿಲ್ಲ, ಅದನ್ನು ಅವತ್ತೇ ನೆನಪು ಮಾಡಿಕೊಂಡು ಬರೆಯಿರಿ.