ಬಿಸಿನೀರು ಸಣ್ಣಗೆ ಬಂದರೆ ಮೊದಲು ಗೀಸರನ್ನು ಬೈಯಬೇಡಿ

ಬೆಂಗಳೂರಿನಲ್ಲಿ ಹೊಸದಾಗಿ ಬಾಡಿಗೆ ಮನೆ ಹಿಡಿದ ಮಕ್ಕಳು ಹೇಳುವ ದೂರುಗಳಲ್ಲಿ ಇದೊಂದು ಇದ್ದೇ ಇರುತ್ತದೆ. ತಣ್ಣೀರು ಧೋ ಅಂತ ಬರುತ್ತೆ, ಬಿಸಿನೀರು ಮಾತ್ರ ಬಕೆಟ್ ತುಂಬೋದೇ ಇಲ್ಲ. ಆಮೇಲೆ ಗೀಸರ್ ಕೆಟ್ಟಿದೆ ಅಂತ ತಾವೇ ತೀರ್ಮಾನ ಮಾಡಿ ಓನರ್‌ಗೆ ಫೋನು, ಓನರ್ ಎತ್ತಲ್ಲ, ಜಗಳ ಶುರು. ನೋಡ್ರಪ್ಪ, ಗೀಸರ್‌ಗೆ ತನ್ನದೇ ಒತ್ತಡ ಅಂತ ಏನೂ ಇಲ್ಲ. ಒಂದು ಕಡೆಯಿಂದ ತಣ್ಣೀರು ಒಳಗೆ ನುಗ್ಗುತ್ತದೆ, ನುಗ್ಗಿದಷ್ಟು ಬಿಸಿನೀರು ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ, ಅಷ್ಟೇ. ನೀರು ಚೆನ್ನಾಗಿ ಕಾಯುತ್ತಿದ್ದು ಸಣ್ಣಗೆ ಬರುತ್ತಿದ್ದರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಎಲ್ಲಿ ಅನ್ನೋದನ್ನು ಹುಡುಕೋದೇ ಕೆಲಸ.

ಶವರ್ ಬೇಡ, ಕೆಳಗಿನ ನಲ್ಲಿಗೆ ಬಕೆಟ್ ಇಡಿ. ಬರೀ ಬಿಸಿನೀರು ಪೂರ್ತಿ ತಿರುಗಿಸಿ, ತುಂಬಲು ಎಷ್ಟು ಹೊತ್ತು ಬೇಕು ಅಂತ ಫೋನಿನಲ್ಲಿ ನೋಡಿ. ಅದೇ ಬಕೆಟ್‌ಗೆ ಬರೀ ತಣ್ಣೀರು ಬಿಟ್ಟು ಮತ್ತೆ ನೋಡಿ. ಎರಡೂ ನಿಧಾನ ಅಂದರೆ ಗೀಸರ್ ಬಿಟ್ಟುಬಿಡಿ, ಅದು ಟ್ಯಾಂಕಿನ ವಿಷಯ. ನಲ್ಲಿಯಿಂದ ಟ್ಯಾಂಕಿನ ನೀರು 10 ಮೀಟರ್ ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರ್‌ಗೆ ಸುಮಾರು 1 ಕೆಜಿ ಒತ್ತಡ ಸಿಗುತ್ತದೆ, ಪ್ಲಂಬರ್‌ಗಳು ಹೇಳೋದು ಈ ಕೆಜಿ ಲೆಕ್ಕದಲ್ಲೇ. ಕೊನೇ ಮಹಡಿಯಲ್ಲಿದ್ದರೆ ಟ್ಯಾಂಕು ನಿಮ್ಮ ತಲೆ ಮೇಲೆ 2-3 ಮೀಟರ್ ಎತ್ತರದಲ್ಲಿ ಇದ್ದರೆ ಹೆಚ್ಚು, ಅಂದರೆ ಕಾಲು ಕೆಜಿ ಲೆಕ್ಕ. ಅಂಥ ಮನೆಗೆ ಮೊರದಗಲದ ಶವರ್ ತಂದು ಹಾಕಿ ನೀರು ಬರಲ್ಲ ಅಂದರೆ ಯಾರೇನು ಮಾಡೋಕಾಗುತ್ತೆ? ಚಿಕ್ಕ ಶವರ್ ಹಾಕಿ. ಹಾಗೇ ಟೆರೇಸ್‌ಗೆ ಹೋಗಿ ನಿಮ್ಮ ಲೈನಿನ ಗೇಟ್ ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ. ಹಳೇ ವಾಲ್ವ್‌ಗಳಲ್ಲಿ ಒಳಗಿನ ಹಲಗೆ ಕಳಚಿ ಅಲ್ಲೇ ಕೂತಿರುತ್ತದೆ, ಮೇಲೆ ಹಿಡಿ ಮಾತ್ರ ಸುಮ್ನೆ ತಿರುಗುತ್ತಿರುತ್ತದೆ.

ಬಿಸಿನೀರು ಮಾತ್ರ ನಿಧಾನ ಅಂದರೆ ಮುಂದೆ ಓದಿ.

ನಮ್ಮಲ್ಲಿ ಮುಖ್ಯ ಶತ್ರು ಬೋರ್ ನೀರು. ಗಡಸು ನೀರು ಕಾದಾಗ ಅದರಲ್ಲಿರುವ ಸುಣ್ಣದ ಅಂಶ ಬೇರೆಯಾಗಿ ಸಿಕ್ಕಿದ ಕಡೆ ಅಂಟಿಕೊಳ್ಳುತ್ತದೆ, ಜಾಸ್ತಿ ಕಾಯಿಸಿದಷ್ಟೂ ಜಾಸ್ತಿ. ಅದಕ್ಕೇ ತಣ್ಣೀರಿನ ದಾರಿಗಿಂತ ಬಿಸಿನೀರಿನ ದಾರಿ ಬೇಗ ಕಟ್ಟಿಕೊಳ್ಳೋದು. ನಲ್ಲಿ ತುದಿಯ ಜಾಲರಿ ಬಿಚ್ಚಿ ನೋಡಿ, ಬಿಳೀ ಚಕ್ಕೆಗಳು ಕೂತಿರುತ್ತವೆ. 2024ರ ಬೇಸಿಗೆಯಲ್ಲಿ ನೀರಿಗೆ ತತ್ವಾರ ಬಂದಾಗ ಜಲಮಂಡಳಿ ಅಪಾರ್ಟ್‌ಮೆಂಟ್‌ಗಳಿಗೆ ಏರೇಟರ್ (ನೀರು ಉಳಿಸಲು ನಲ್ಲಿ ತುದಿಗೆ ಹಾಕುವ ಜಾಲರಿ) ಕಡ್ಡಾಯ ಮಾಡಿತ್ತಲ್ಲ, ಆಗ ಹಾಕಿಸಿದ್ದನ್ನು ಎಷ್ಟೋ ಮನೆಗಳಲ್ಲಿ ಆಮೇಲೆ ಯಾರೂ ಬಿಚ್ಚಿ ತೊಳೆದೇ ಇಲ್ಲ. ಜಾಲರಿ, ಶವರ್ ಎರಡನ್ನೂ ವಿನಿಗರ್ ಅಥವಾ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಹಾಕಬೇಡಿ, ಮೇಲಿನ ಹೊಳಪೆಲ್ಲ ಎದ್ದು ಹೋಗಿ ಓನರ್ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಅದರಿಂದ ಸರಿಹೋಗಲಿಲ್ಲ ಅಂದರೆ ಗೀಸರ್ ಕೆಳಗೆ ಬನ್ನಿ. ಕೈ ಹಾಕುವ ಮೊದಲು ಬರೀ ಸ್ವಿಚ್ ಅಲ್ಲ, ಕರೆಂಟ್ ಪೆಟ್ಟಿಗೆಯಲ್ಲಿರುವ ಗೀಸರ್‌ನ ಎಂಸಿಬಿಯನ್ನೇ (ಟ್ರಿಪ್ ಸ್ವಿಚ್) ಆಫ್ ಮಾಡಿ. ಬಿಸಿನೀರಿನ ನಲ್ಲಿ ಬಿಟ್ಟು ತಣ್ಣಗಾಗುವ ತನಕ ಹರಿಯಲಿ, ಕೆಳಗೆ ಬಕೆಟ್ ಇಟ್ಟರೆ ಬಟ್ಟೆ ನೆನೆಹಾಕೋಕಾಗುತ್ತೆ. ಗೀಸರ್‌ನಲ್ಲಿ ನೀಲಿ ಗುರುತಿರುವ ಕಡೆ ನೀರು ಒಳಗೆ ಹೋಗುತ್ತದೆ, ಕೆಂಪು ಗುರುತಿನ ಕಡೆ ಹೊರಗೆ ಬರುತ್ತದೆ. ನೀಲಿ ಕಡೆಯ ಆ್ಯಂಗಲ್ ಕಾಕ್, ಅಂದರೆ ಗೋಡೆಯಲ್ಲಿ ನೀರು ಮುಚ್ಚಿ ತೆರೆಯುವ ಪುಟ್ಟ ನಲ್ಲಿ, ಪೂರ್ತಿ ತೆರೆದಿದೆಯಾ ಅಂತ ನೋಡಿ. ಹಿಂದಿನ ಬಾಡಿಗೆಯವರು ರಿಪೇರಿಗೆ ಅಂತ ಮುಚ್ಚಿ, ಅರ್ಧ ತೆರೆದು ಬಿಟ್ಟಿರೋದು ಬಹಳ ಮನೆಗಳಲ್ಲಿ ಇರುತ್ತದೆ, ಅಷ್ಟಕ್ಕೇ ಸಮಸ್ಯೆ ಮುಗಿದೂ ಹೋಗುತ್ತದೆ.

ಮುಗಿಯದಿದ್ದರೆ ಆ ಕಾಕ್ ಮುಚ್ಚಿ, ಕೆಂಪು ಕಡೆಯ ಕನೆಕ್ಷನ್ ಪೈಪನ್ನು ಗೋಡೆ ಕಡೆಯ ತುದಿಯಲ್ಲಿ ಬಿಚ್ಚಿ ಬಕೆಟ್‌ಗೆ ಹಿಡಿದು, ಕಾಕ್ ಮತ್ತೆ ತೆರೆಯಿರಿ. ನೀರು ಜೋರಾಗಿ ಬಂದರೆ ಗೀಸರ್ ಚೆನ್ನಾಗಿದೆ, ತೊಂದರೆ ಇರೋದು ಗೋಡೆಯೊಳಗಿನ ಪೈಪಿನಲ್ಲಿ ಅಥವಾ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್‌ನಲ್ಲಿ. ಇಲ್ಲೂ ಸಣ್ಣಗೆ ಬಂದರೆ ಗೀಸರ್ ಕಡೆಯೇ ತಡೆ ಇದೆ. ಬಿಚ್ಚಿದ ಕೈಯಲ್ಲೇ ಪೈಪಿನ ತುದಿಯ ರಬ್ಬರ್ ವಾಷರ್ ನೋಡಿ. ಬಿಸಿಗೆ ಮೆತ್ತಗಾಗಿ, ನಟ್ ಬಿಗಿದ ರಭಸಕ್ಕೆ ಹಿಂಡಿ ಹೋಗಿ, ಕಿರುಬೆರಳು ತೂರುವ ತೂತು ಮೆಣಸಿನ ಕಾಳಿನಷ್ಟಾಗಿರುತ್ತದೆ. ಮುಟ್ಟಿದರೆ ಕೈಗೆ ಕಪ್ಪು ಮಸಿ ಅಂಟುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸ ಕನೆಕ್ಷನ್ ಪೈಪೇ ತನ್ನಿ, ವಾಷರ್ ಜೊತೆಗೇ ಬರುತ್ತದೆ. ಹಾಕುವಾಗ ಕೈಯಲ್ಲಿ ಬಿಗಿಮಾಡಿ ಸ್ಪ್ಯಾನರ್‌ನಲ್ಲಿ ಇನ್ನೊಂಚೂರು ತಿರುಗಿಸಿದರೆ ಸಾಕು, ಶಕ್ತಿಪ್ರದರ್ಶನ ಬೇಡ.

ಇನ್ನೊಂದು ಜಾಗ, ನೀಲಿ ಕಡೆ ಗೀಸರ್‌ಗೇ ಅಂಟಿಕೊಂಡಿರುವ ಹಿತ್ತಾಳೆಯ ಸೇಫ್ಟಿ ವಾಲ್ವ್. ಒಳಗೆ ಹೋದ ನೀರನ್ನು ಹಿಂದಕ್ಕೆ ಬಿಡದಿರೋದೂ ಅದರದೇ ಕೆಲಸ. ಮರಳು, ಸುಣ್ಣದ ಚಕ್ಕೆ ಸಿಕ್ಕಿಕೊಂಡರೆ ಅದು ಸರಿಯಾಗಿ ತೆರೆದುಕೊಳ್ಳಲ್ಲ. ಇದನ್ನು ಬಿಚ್ಚಿದರೆ ಗೀಸರ್ ತುಂಬ ಇರುವ ನೀರು ಸುರಿಯುತ್ತದೆ, ಹಾಗಾಗಿ ಪ್ಲಂಬರ್‌ಗೇ ಬಿಡಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಕೆಲವರು ವಾಲ್ವ್ ತೆಗೆದು ಅಲ್ಲಿ ಬರೀ ನಿಪ್ಪಲ್ (ಪೈಪಿನ ತುಂಡು) ಹಾಕಿ "ಈಗ ನೋಡಿ ಸಾರ್ ಪ್ರೆಷರ್" ಅಂತಾರೆ. ಒಪ್ಪಲೇಬೇಡಿ. ಕಾವು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೈಕೊಟ್ಟ ದಿನ ಗೀಸರ್ ಸಿಡಿಯದಂತೆ ತಡೆಯೋದೇ ಆ ವಾಲ್ವ್‌ನ ಕೆಲಸ. ನೀರು ಕಾಯುವಾಗ ಅದರಿಂದ ನಾಲ್ಕು ಹನಿ ತೊಟ್ಟಿಕ್ಕುವುದು ಸಹಜ, ಎಂ-ಸೀಲ್ ಹಾಕಿ ಅದನ್ನು ಮುಚ್ಚುವ ಬುದ್ಧಿವಂತಿಕೆಯೂ ಬೇಡ. ಬೋರ್ ನೀರಿನ ಮನೆಯಾದರೆ ವರ್ಷಕ್ಕೊಮ್ಮೆ ಗೀಸರ್ ಸರ್ವಿಸ್ ಮಾಡಿಸಿ ಒಳಗಿನ ಸುಣ್ಣ ತೆಗೆಸಿ.

ಸೋಲಾರ್ ಇರುವ ಕಟ್ಟಡದಲ್ಲಿ ಕಥೆ ಬೇರೆ. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಬಿಸಿನೀರು ಬರಲ್ಲ, ಇಲ್ಲಾ ಬುಸುಬುಸು ಅಂತ ನಿಂತು ನಿಂತು ಬರುತ್ತದೆ ಅಂದರೆ ಪೈಪಿನಲ್ಲಿ ಗಾಳಿ ಸಿಕ್ಕಿದೆ. ಎರಡು ಹಿಡಿಯ ಮಿಕ್ಸರ್ ಇದ್ದರೆ ಅದರ ಬಾಯಿಗೆ ದಪ್ಪ ಬಟ್ಟೆ ಒತ್ತಿ ಹಿಡಿದು, ಬಿಸಿನೀರು ಪೂರ್ತಿ ತಿರುಗಿಸಿ, ಆಮೇಲೆ ತಣ್ಣೀರು ತಿರುಗಿಸಿ. ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಹಿಂದಕ್ಕೆ ಹತ್ತಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಅರ್ಧ ನಿಮಿಷ ಹಿಡಿದು ಬಿಡಿ, ಬರದಿದ್ದರೆ ಇನ್ನೊಂದು ಸಲ. ಗೀಸರ್ ಲೈನಿಗೆ ಇದು ನಡೆಯಲ್ಲ, ಆ ಸೇಫ್ಟಿ ವಾಲ್ವ್ ಹಿಂದಕ್ಕೆ ಬಿಡಲ್ಲವಲ್ಲ.

ಪ್ರೆಷರ್ ಪಂಪ್ ಹಾಕಿಸಿ ಅನ್ನುವವರ ಮಾತಿಗೆ ಅವಸರ ಬೇಡ. ಬರೀ ತಣ್ಣೀರಿನ ಲೈನಿಗೆ ಪಂಪ್ ಹಾಕಿದರೆ ಮಿಕ್ಸರ್‌ನಲ್ಲಿ ತಣ್ಣೀರು ಬಿಸಿನೀರನ್ನು ಒತ್ತಿ ಹಿಡಿದು ಇನ್ನೂ ಸಣ್ಣ ಮಾಡುತ್ತದೆ. ಹಾಕುವುದಾದರೆ ಎರಡಕ್ಕೂ ಸೇರಿಸಿ, ಗೀಸರ್ ಮೇಲೆ ಎಷ್ಟು ಬಾರ್ ಒತ್ತಡ ತಡೆಯುತ್ತೆ ಅಂತ ಬರೆದಿರುವುದನ್ನು (1 ಬಾರ್ ಅಂದರೆ ಸುಮಾರು 1 ಕೆಜಿ) ನೋಡಿಕೊಂಡು, ಓನರ್ ಒಪ್ಪಿಗೆ ಪಡೆದು ಹಾಕಿಸಿ.

ಇನ್ನು ದುಡ್ಡು ಯಾರು ಕೊಡಬೇಕು ಅನ್ನೋದು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಪೈಪ್ ಬದಲಿಸೋದು ಓನರ್ ಪಾಲಿಗೆ, ನಲ್ಲಿ, ವಾಷರ್, ಗೀಸರ್ ರಿಪೇರಿ ಬಾಡಿಗೆಯವರ ಪಾಲಿಗೆ ಇದೆ. ಅದು ಮಾದರಿ ಅಷ್ಟೇ, ಅದರಲ್ಲೂ ಇಬ್ಬರೂ ಬೇರೆ ಥರ ಒಪ್ಪಿಕೊಂಡಿದ್ದರೆ ಒಪ್ಪಿದ್ದೇ ನಡೆಯುತ್ತದೆ. ಹಾಗಾಗಿ ನಿಮ್ಮ ಅಗ್ರಿಮೆಂಟ್ ತೆಗೆದು ಓದಿ. ಗೋಡೆಯೊಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ತುಕ್ಕು ಕಟ್ಟಿದ್ದರೆ ಅದು ನಿಮ್ಮ ತಲೆನೋವಲ್ಲ ಅಂತ ಮರ್ಯಾದೆಯಿಂದಲೇ ಹೇಳಿ. ಎರಡು ಬಕೆಟ್ ತುಂಬುವ ವಿಡಿಯೋ ಮತ್ತು ಗೀಸರ್ ಹತ್ತಿರ ನೀರು ಜೋರಾಗಿ ಬರುವ ವಿಡಿಯೋ ಕಳಿಸಿದರೆ ವಾದಕ್ಕೆ ಜಾಗವೇ ಇರಲ್ಲ. ನಿಮ್ಮ ಖರ್ಚಿನಲ್ಲಿ ಶವರ್ ಬದಲಿಸಿದ್ದರೆ ಹಳೇದನ್ನು ಕವರ್‌ನಲ್ಲಿ ಕಟ್ಟಿ ಸಜ್ಜೆ ಮೇಲೆ ಇಡಿ, ಮನೆ ಬಿಡುವಾಗ ಅದನ್ನು ಮತ್ತೆ ಹಾಕಿ ನಿಮ್ಮದನ್ನು ತಗೊಂಡು ಹೋಗಿ.