ಬ್ಯಾಲೆನ್ಸ್ ಕೊಡಬೇಕಾದವರು ಯಾರು?

ಪ್ರತಿ ಶನಿವಾರ ಸಂಜೆ ನಮ್ಮ ಬೀದಿಯ ಸ್ವಸಹಾಯ ಸಂಘದ ಹೆಂಗಸರಿಗೆ ಇಂಗ್ಲಿಷ್ ಪದಗಳನ್ನು ಹೇಳಿಕೊಡುತ್ತೇನೆ. ಮೊದಮೊದಲು ಬೋರ್ಡಿನ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ ಬರೆಯುತ್ತಿದ್ದೆ. ಬ್ಯಾಲೆನ್ಸ್ ಎಂದರೆ ಬಾಕಿ. ಎಲ್ಲರೂ ಬರೆದುಕೊಂಡರು.

ಮುಂದಿನ ವಾರ ಒಬ್ಬ ಅಕ್ಕ ಗಾಬರಿಯಿಂದ ಬಂದರು. "ಮೇಡಂ, ಬ್ಯಾಂಕಿಂದ ಮೆಸೇಜ್ ಬಂದಿದೆ. ಬ್ಯಾಲೆನ್ಸ್ 4,200 ಅಂತೆ. ನಾನು ಸಾಲನೇ ಮಾಡಿಲ್ವಲ್ಲ!" ಅದು ಅವರದೇ ದುಡ್ಡು. ಅವರ ಮನೆಯಲ್ಲಿ ಬಾಕಿ ಎಂದರೆ ಕಿರಾಣಿ ಅಂಗಡಿಗೆ ಕೊಡಬೇಕಾದ ಹಣ. ತಪ್ಪು ನನ್ನದೇ.

ಆ ದಿನ ಬೋರ್ಡ್ ಒರೆಸಿ, ಈ ಪದ ಎಲ್ಲೆಲ್ಲಿ ಕೇಳಿದ್ದೀರಿ ಎಂದು ಅವರನ್ನೇ ಕೇಳಿದೆ. ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಡುವ ಚಿಲ್ಲರೆ ಬ್ಯಾಲೆನ್ಸ್. ಅಂಗಡಿಯವರು ಹೇಳುವ ಹಳೇ ಬ್ಯಾಲೆನ್ಸ್. ಪಾಸ್‌ಬುಕ್ಕಿನ ಬ್ಯಾಲೆನ್ಸ್. ಮಗು ಸೈಕಲ್ ಕಲಿಯುವಾಗ ಬೇಕಾಗುವುದೂ ಬ್ಯಾಲೆನ್ಸೇ. ಆಗ ಒಂದು ತಕ್ಕಡಿ ಚಿತ್ರ ಬರೆದೆ. ಈ ಪದದ ಲ್ಯಾಟಿನ್ ಮೂಲದ ಅರ್ಥವೇ ಎರಡು ತಟ್ಟೆ. ಎರಡೂ ಸಮ ಆಗಲು ಇನ್ನೆಷ್ಟು ಹಾಕಬೇಕೋ ಅದು ಬ್ಯಾಲೆನ್ಸ್. ಯಾರು ಹಾಕಬೇಕು ಎಂಬುದು ಜಾಗ ನೋಡಿದರೆ ಗೊತ್ತಾಗುತ್ತದೆ: ಬಸ್ಸಿನಲ್ಲಿ ಕಂಡಕ್ಟರ್, ಬ್ಯಾಂಕಿನಲ್ಲಿ ಬ್ಯಾಂಕಿನವರು, ಅಂಗಡಿಯಲ್ಲಿ ನಾವು. ಪಾಠಕ್ಕೆ ಬಂದವರಲ್ಲಿ ತರಕಾರಿ ಮಾರುವವರು ಇಬ್ಬರಿದ್ದರು. ನಾನು ಮುಗಿಸುವ ಮೊದಲೇ ಅವರು ಉಳಿದವರಿಗೆ ವಿವರಿಸುತ್ತಿದ್ದರು.

ಕರೆಂಟ್ ಅಕೌಂಟ್ ಎಂದರೆ ಕರೆಂಟ್ ಬಿಲ್ ಕಟ್ಟುವ ಖಾತೆ ಎಂದುಕೊಂಡವರೂ ಇದ್ದರು. ಆ ಪದದ ಬೇರಿನಲ್ಲಿರುವುದು ಓಟ. ತಂತಿಯಲ್ಲಿ ಹರಿಯುವುದು ಕರೆಂಟ್, ಈಗ ನಡೆಯುತ್ತಿರುವ ತಿಂಗಳು ಕರೆಂಟ್, ದಿನವೂ ದುಡ್ಡು ಓಡಾಡುವ ವ್ಯಾಪಾರದ ಖಾತೆಯೂ ಕರೆಂಟ್. ಕನ್ನಡದಲ್ಲಿ ಅದಕ್ಕೆ ಚಾಲ್ತಿ ಖಾತೆ ಅನ್ನುತ್ತೇವೆ. ಎಷ್ಟು ಚೆಂದದ ಪದ ಅಲ್ವಾ!

ಈಗ ಪಾಠಕ್ಕೆ ಪುಸ್ತಕ ಇಲ್ಲ. ಮನೆಯಿಂದ ಇಂಗ್ಲಿಷ್ ಅಕ್ಷರ ಇರುವ ಏನಾದರೊಂದು ತನ್ನಿ ಅನ್ನುತ್ತೇನೆ. ಬಿಲ್, ರಸೀದಿ, ಸೋಪಿನ ಕವರ್, ಏನೇ ಆಗಲಿ. ಕಳೆದ ಶನಿವಾರ ಅದೇ ಅಕ್ಕ ಬಿಸ್ಕತ್ ಪ್ಯಾಕೆಟ್ ತಂದಿದ್ದರು. "ಬೆಸ್ಟ್ ಬಿಫೋರ್ ಅಂತಿದೆ. ಇಲ್ಲಿ ಬೆಸ್ಟ್ ಯಾಕೆ?" ಆ ದಿನದವರೆಗೆ ರುಚಿ, ಗರಿಗರಿ ಚೆನ್ನಾಗಿರುತ್ತದೆ ಎಂದು ತಯಾರಿಸಿದವರು ಕೊಡುವ ಮಾತು ಅದು ಎಂದೆ. ಮಾತ್ರೆ ಮೇಲಿನ ಎಕ್ಸ್‌ಪೈರಿ ಹಾಗಲ್ಲ, ಆ ದಿನ ದಾಟಿದ್ದನ್ನು ನುಂಗಲೇಬಾರದು. ಅವರು ಎದ್ದು ಮನೆಗೆ ಹೋದರು. ಮಾತ್ರೆ ಡಬ್ಬಿ ತಂದು ಜಮಖಾನದ ಮೇಲೆ ಸುರಿದರು. ಎಲ್ಲರೂ ಸುತ್ತ ಕುಳಿತು ಒಂದೊಂದೇ ಓದಿದೆವು.