ಮೊದಲು ಉಸಿರು ಎಣಿಸಿ: ಕೊರೊನಾ ರೋಗಿಯ ಅಪಾಯ ಗುರುತಿಸುವ ಬಗೆ

ನಾನು ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್. ರೋಗಿಯನ್ನು ಒಳಗೆ ಕರೆದುಕೊಂಡು ಹೋಗುವಾಗ ಮನೆಯವರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು, "ಸಿಸ್ಟರ್, ಜ್ವರ ಎಷ್ಟಿದೆ?" ಅಷ್ಟು ಹೊತ್ತಿಗೆ ನನ್ನ ಕಣ್ಣು ರೋಗಿಯ ಎದೆಯ ಮೇಲಿರುತ್ತಿತ್ತು. ಜೀವಕ್ಕೆ ಎಷ್ಟು ಅಪಾಯ ಅನ್ನೋದರ ಸುಳಿವು ಜ್ವರಕ್ಕಿಂತ ಉಸಿರಾಟದಲ್ಲೇ ಜಾಸ್ತಿ ಸಿಗುತ್ತದೆ.

ಉಸಿರು ಎಣಿಸುತ್ತೇನೆ ಅಂತ ರೋಗಿಗೆ ಹೇಳಬೇಡಿ. ಹೇಳಿದರೆ ಅವರ ಉಸಿರಾಟವೇ ಬದಲಾಗಿಬಿಡುತ್ತದೆ. ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಳ್ಳಿ, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಸುಮ್ನೆ ಮಲಗಿರುವ ದೊಡ್ಡವರಲ್ಲಿ 12ರಿಂದ 20 ಇರಬೇಕು. ಅದಕ್ಕಿಂತ ಮೇಲೆ ಹೋದರೆ ಡಾಕ್ಟರಿಗೆ ತಿಳಿಸಿ. 30 ಮುಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಆಮೇಲೆ ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ನೋಡುವ ಯಂತ್ರ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ನೇಲ್ ಪಾಲಿಶ್ ಇದ್ದರೆ ತೆಗೆಯಿರಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಕಪ್ಪು ಚರ್ಮದವರಲ್ಲಿ ಈ ಯಂತ್ರ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು, ಆದ್ದರಿಂದ ಗಡಿಯಲ್ಲಿರುವ ಅಂಕಿಯನ್ನು ನಂಬಿ ಕೂರಬೇಡಿ. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಫೋನ್ ಮಾಡಿ. 90ಕ್ಕಿಂತ ಕೆಳಗಿದ್ದರೆ ಅದು ತೀವ್ರ ಕಾಯಿಲೆ.

ರೋಗಿ "ನಾನು ಚೆನ್ನಾಗಿದ್ದೇನೆ" ಅಂದರೂ ಅಳೆಯಿರಿ. ಒಬ್ಬರು ಹಾಸಿಗೆ ಮೇಲೆ ಕೂತು ಮಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಆಕ್ಸಿಮೀಟರ್ ಹಾಕಿದರೆ 78. ನಂಬಿಕೆಯಾಗದೆ ಬೇರೆ ಬೆರಳಿಗೆ ಹಾಕಿದೆ, ಅದೇ 78. ಹತ್ತಿರ ಕೂತು ಕೇಳಿದಾಗ ಗೊತ್ತಾಯಿತು, ಮೂರು ಮೂರು ಪದಕ್ಕೆ ಒಂದು ಉಸಿರು ಎಳೆಯುತ್ತಿದ್ದರು. ಈ ಕಾಯಿಲೆಯಲ್ಲಿ ಆಕ್ಸಿಜನ್ ಇಳಿದರೂ ಕೆಲವರಿಗೆ ದಮ್ಮು ಕಟ್ಟಿದಂತೆ ಅನಿಸುವುದೇ ಇಲ್ಲ.

ಇನ್ನು ರೋಗಿಯ ಹಿನ್ನೆಲೆ. ಎಲ್ಲಕ್ಕಿಂತ ದೊಡ್ಡದು ವಯಸ್ಸು. 50 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೂ ಅಪಾಯ ಏರುತ್ತಾ ಹೋಗುತ್ತದೆ. ಹೆಂಗಸರಿಗಿಂತ ಗಂಡಸರಿಗೆ ಸ್ವಲ್ಪ ಜಾಸ್ತಿ. ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ, ಶ್ವಾಸಕೋಶದ ಹಳೇ ತೊಂದರೆ, ಕ್ಯಾನ್ಸರ್, ಅತಿಯಾದ ಬೊಜ್ಜು, ಅಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುತ್ತಿರುವುದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಲಸಿಕೆ ಹಾಕಿಸಿಕೊಂಡವರಲ್ಲಿ ಸಾವಿನ ಅಪಾಯ ತುಂಬಾ ಕಡಿಮೆ.

ಬ್ರಿಟನ್ನಿನ ವೈದ್ಯರು 2020ರಲ್ಲಿ ಆಸ್ಪತ್ರೆ ಸೇರಿದ ರೋಗಿಗಳಿಗಾಗಿ 4ಸಿ ಎಂಬ ಸ್ಕೋರ್ ಮಾಡಿದರು. ವಯಸ್ಸು, ಗಂಡೋ ಹೆಣ್ಣೋ, ಬೇರೆ ಕಾಯಿಲೆಗಳ ಸಂಖ್ಯೆ, ಉಸಿರಿನ ವೇಗ, ಆಕ್ಸಿಜನ್, ಎಚ್ಚರ, ರಕ್ತದ ಯೂರಿಯಾ, ಸಿಆರ್‌ಪಿ (ದೇಹದ ಉರಿಯೂತ ತೋರಿಸುವ ರಕ್ತ ಪರೀಕ್ಷೆ), ಈ ಎಂಟನ್ನು ಕೂಡಿಸಿ 21ಕ್ಕೆ ಅಂಕ. 3 ಅಥವಾ ಕಡಿಮೆ ಅಂಕವಿದ್ದವರಲ್ಲಿ ಸತ್ತವರು ನೂರಕ್ಕೆ ಸುಮಾರು ಒಬ್ಬರು. 15 ಅಥವಾ ಮೇಲಿದ್ದವರಲ್ಲಿ ನೂರಕ್ಕೆ ಸುಮಾರು 60. ಇದು ಲಸಿಕೆ ಬರುವ ಮೊದಲಿನ ಲೆಕ್ಕ. ಮನೆಯಲ್ಲಿ ಕೂತು ಅಂಕ ಹಾಕಿ ಎದೆಗುಂದಬೇಡಿ, ಯಾರನ್ನು ಹೆಚ್ಚು ಹತ್ತಿರದಿಂದ ನೋಡಬೇಕು ಅಂತ ಡಾಕ್ಟರು ತೀರ್ಮಾನಿಸಲು ಮಾಡಿದ್ದು ಅದು. ರಿಪೋರ್ಟಿನಲ್ಲಿ ಡಿ-ಡೈಮರ್ (ರಕ್ತ ಹೆಪ್ಪುಗಟ್ಟುತ್ತಿರುವ ಸುಳಿವು) ಏರಿದ್ದರೆ, ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಇಳಿದಿದ್ದರೆ ಅದರ ಬಗ್ಗೆಯೂ ಕೇಳಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಹೆದರಿ ಮನೆಯಲ್ಲೇ ಸ್ಟೀರಾಯ್ಡ್ ಶುರು ಮಾಡಬೇಡಿ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೇ ಒಂದು ಭಾಗ ತಗ್ಗಿಸಿತು, ನಿಜ. ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಉಪಯೋಗ ಕಾಣಲಿಲ್ಲ.

ಮಾತು ತಡವರಿಸಿದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ತುಟಿ ನೀಲಿಯಾದರೆ, ಎದೆನೋವು ಬಂದರೆ ಅಳೆಯುತ್ತಾ ಕೂರಬೇಡಿ. ಆಂಬುಲೆನ್ಸ್ ಕರೆಯಿರಿ.

ಹೊರಡುವಾಗ ಒಂದು ಚೀಟಿ ಜೊತೆಗಿರಲಿ. ಮೊದಲ ಲಕ್ಷಣ ಕಂಡ ದಿನ, ಹಳೇ ಕಾಯಿಲೆಗಳು, ತಿನ್ನುವ ಮಾತ್ರೆಗಳು, ಲಸಿಕೆಯ ತಾರೀಕು, ಹೊತ್ತು ಹೊತ್ತಿಗೆ ನೋಡಿದ ಆಕ್ಸಿಜನ್ ಮತ್ತು ಉಸಿರಿನ ಲೆಕ್ಕ. ಒಬ್ಬ ಹುಡುಗಿ ಅಪ್ಪನ ಲೆಕ್ಕವನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಂದಿದ್ದಳು. ಬೆಳಿಗ್ಗೆ 95, ಮಧ್ಯಾಹ್ನ 93, ಸಂಜೆ 90. ಡಾಕ್ಟರು ಆ ಹಾಳೆಯನ್ನೇ ಕೇಸ್ ಶೀಟಿಗೆ ಪಿನ್ ಮಾಡಿ, ಆಕ್ಸಿಜನ್ ಹಚ್ಚಲು ಹೇಳಿದರು.